ಪಾವತಿ ಕೊಡ್ರಿ

ಹೋದ ದೀಪಾವಳಿಯ ಹಿಂದಿನ ವಾರ. ಬೆಳಗಾವಿಯ ಮಹಾಂತೇಶ ನಗರದ ಮನೆಯಿಂದ ಹೊರಟು, ಕೋಟೆ ಕೆರೆ ದಾಟಿ ಪೇಟೆಗೆ ಹೋಗಿದ್ದೆ. ಗಣಪತ ಗಲ್ಲಿ, ಮಾರುತಿ ಗಲ್ಲಿಗಳಲ್ಲಿ ಆ ದಿನಗಳಲ್ಲಿ ಕಾಲಿಡಲಿಕ್ಕೇ ಜಾಗ ಇರುವುದಿಲ್ಲ, ಇನ್ನು ಸ್ಕೂಟರ್ ಎಲ್ಲಿ ನಿಲ್ಲಿಸುವುದು? ಒಂದು ವಾಣಿಜ್ಯ ಸಂಕೀರ್ಣದ ನೆಲಮಾಳಿಗೆಗೆ ಗಾಡಿ ಇಳಿಸಿದೆ. ಗೋಡೆಯ ಮೇಲೆ ಬಣ್ಣ ಮಾಸಿದ ಹಲಗೆ ಇತ್ತು, ದ್ವಿಚಕ್ರ ವಾಹನಕ್ಕೆ 10 ರೂಪಾಯಿ ಎಂದು. ಹೊರಗೆ ಬರುವಾಗ ಹುಡುಗ ಕೇಳಿದ್ದು 20. "ಹಬ್ಬದ ರೇಟ್ ರೀ ಸರ್" ಅಂದ. "ಹಂಗಾದ್ರ ಪಾವತಿ ಕೊಡು" ಅಂದೆ. ಅವನ ಹತ್ತಿರ ಇದ್ದದ್ದು ನಂಬರ್ ಬರೆದ ಪ್ಲಾಸ್ಟಿಕ್ ಬಿಲ್ಲೆ ಮಾತ್ರ. ಅದನ್ನೂ ನನ್ನ ಕೈಯಿಂದ ತಿರುಗಿ ಇಸಿದುಕೊಂಡ. ಬೆನ್ನಹಿಂದೆ ನಾಲ್ಕೈದು ಗಾಡಿಗಳ ಹಾರ್ನ್. ಯಾರೋ ಹಿರಿಯರು, "ಬಿಡ್ರೀ ಸಾಹೇಬ್ರ, ಹತ್ತು ರೂಪಾಯಿಗೆ ಎಲ್ಲಿ ಜಗಳಾ ಹಚ್ಚೀರಿ" ಅಂದರು. ಕೊಟ್ಟು ಬಂದೆ.

ಮನೆಗೆ ಬಂದ ಮೇಲೂ ಮನಸ್ಸು ತಡೆಯಲಿಲ್ಲ. ಎರಡು ದಿನ ಬಿಟ್ಟು ಆ ಕಟ್ಟಡದ ಆಡಳಿತದವರಿಗೆ ಒಂದು ಪತ್ರ ಬರೆದುಕೊಂಡು ಹೋದೆ. ಓದಿದವರು ಸಿಟ್ಟಾಗಲಿಲ್ಲ, ಒಂದೇ ಪ್ರಶ್ನೆ ಕೇಳಿದರು: "ನೀವು ಇಪ್ಪತ್ತು ಕೊಟ್ಟಿದ್ದಕ್ಕ ಏನೈತ್ರಿ ದಾಖಲೆ?" ಏನೂ ಇರಲಿಲ್ಲ. ಚಿಲ್ಲರೆ ಕೊಟ್ಟಿದ್ದೆ, ಚೀಟಿ ಇಲ್ಲ, ಹಲಗೆಯ ಫೋಟೊ ಇಲ್ಲ, ಬಂದ ಹೊತ್ತು ಹೋದ ಹೊತ್ತು ಬರೆದಿಟ್ಟುಕೊಂಡಿರಲಿಲ್ಲ. ನ್ಯಾಯ ನನ್ನ ಕಡೆಗಿದ್ದೂ ನಾನು ಸೋತೆ. ಆ ಸೋಲಿನ ನಂತರ ಓದಿ, ವಕೀಲ ಗೆಳೆಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಾವತಿ ಎಂದರೆ ಬೆಂಗಳೂರು ಕಡೆಯವರಿಗೆ ಹಣ ಸಲ್ಲಿಸುವುದು. ನಮ್ಮ ಬೆಳಗಾವಿ, ಖಾನಾಪುರದ ಬಾಯಲ್ಲಿ ಅದು ಹಣ ಸಲ್ಲಿಸಿದ್ದಕ್ಕೆ ತಿರುಗಿ ಬರುವ ಚೀಟಿ. ರೊಕ್ಕ ಕೊಟ್ಟ ಕೈಗೆ ಕಾಗದ ಬರಬೇಕು ಎನ್ನುವ ನ್ಯಾಯ ನಮ್ಮ ಶಬ್ದದಲ್ಲೇ ಇದೆ. ನಾವು ಅದನ್ನು ಕೇಳುವುದನ್ನು ಬಿಟ್ಟಿದ್ದೇವೆ, ಅಷ್ಟೆ.

ಪಾರ್ಕಿಂಗ್ ಹಣದ ಬಗ್ಗೆ ತಕರಾರು ಮಾಡುವ ಮೊದಲು ಕೇಳಿಕೊಳ್ಳಬೇಕಾದದ್ದು, ಗಾಡಿ ನಿಂತ ನೆಲ ಯಾರದು ಎಂದು. ಸಾರ್ವಜನಿಕ ರಸ್ತೆಯ ಬದಿಯಾದರೆ ಅಲ್ಲಿ ಯಾವ ಖಾಸಗಿ ಮನುಷ್ಯನಿಗೂ ತನ್ನಷ್ಟಕ್ಕೆ ಹಣ ಕೇಳುವ ಹಕ್ಕಿಲ್ಲ. ಗಾಡಿ ನಿಲ್ಲಿಸುವ ಸ್ಥಳ ಯಾವುದು ಎಂದು ಗೊತ್ತುಮಾಡುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರದ್ದು, ಅಥವಾ ಸರ್ಕಾರ ಅಧಿಕಾರ ಕೊಟ್ಟ ಪ್ರಾಧಿಕಾರದ್ದು. ಅದೂ ಸ್ಥಳೀಯ ಸಂಸ್ಥೆಯನ್ನು ಕೇಳಿಕೊಂಡು. ವಸೂಲಿಗೆ ನಿಂತವನು ಗುತ್ತಿಗೆದಾರನ ಆಳಾಗಿದ್ದರೆ ಆ ಗುತ್ತಿಗೆಗೆ ಒಂದು ಆದೇಶ ಇರಬೇಕು, ದರ ಇರಬೇಕು, ಆರಂಭದ ದಿನ ಮುಗಿಯುವ ದಿನ ಇರಬೇಕು. ಬೆಳಗಾವಿಯಲ್ಲಾದರೆ ಅದನ್ನು ಮಹಾನಗರ ಪಾಲಿಕೆ ಹೇಳಬೇಕು, ಖಾನಾಪುರದಲ್ಲಾದರೆ ಪಟ್ಟಣ ಪಂಚಾಯಿತಿ. ರೈಲು ನಿಲ್ದಾಣದ ಅಂಗಳವಾದರೆ ರೈಲ್ವೆ, ಬಸ್ ನಿಲ್ದಾಣದ್ದಾದರೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ಇವರೆಲ್ಲ ಗುತ್ತಿಗೆ ಕೊಡುವಾಗ ದರ ಗೊತ್ತುಮಾಡಿಯೇ ಕೊಡುತ್ತಾರೆ. ಆ ದರಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಅದು ಗುತ್ತಿಗೆಯ ಷರತ್ತನ್ನು ಮುರಿದ ಹಾಗೆ. ರೈಲ್ವೆಯ ಜಾಗದಲ್ಲಿ ಹೆಚ್ಚು ಕೇಳಿದರೆ 139ಕ್ಕೆ ದೂರು ಕೊಡಬಹುದು.

ನೆಲ ಖಾಸಗಿಯದ್ದಾದರೆ, ಅಂದರೆ ಆಸ್ಪತ್ರೆ, ಮಾಲ್, ಕಲ್ಯಾಣ ಮಂಟಪ, ಅಂಗಡಿ ಸಂಕೀರ್ಣಗಳ ಒಳಗಾದರೆ, ನೀವು ಕೊಡುವುದು ತೆರಿಗೆಯೂ ಅಲ್ಲ, ದಂಡವೂ ಅಲ್ಲ. ಅದು ಒಂದು ಕರಾರಿನ ಬೆಲೆ. ಬಾಗಿಲಲ್ಲಿ ಹಲಗೆ ಹಾಕಿದವನು ಮಾತು ಮುಂದಿಟ್ಟಿದ್ದಾನೆ, ಗಾಡಿ ಒಳಗೆ ಬಿಟ್ಟ ನೀವು ಒಪ್ಪಿದ್ದೀರಿ. ಹಲಗೆ 10 ಎಂದು ಹೇಳುತ್ತಿದ್ದರೆ ಕರಾರು ಆಗಿದ್ದು 10ಕ್ಕೇ. ಹೊರಗೆ ಹೋಗುವಾಗ ಹುಟ್ಟಿದ "ಹಬ್ಬದ ರೇಟು" ಒಳಗೆ ಬರುವಾಗ ಇರಲಿಲ್ಲವಾದ್ದರಿಂದ ಅದಕ್ಕೆ ನನ್ನ ಒಪ್ಪಿಗೆಯೂ ಇರಲಿಲ್ಲ.

ಲಂಡನ್ನಿನ ಶೂ ಲೇನ್ ಎಂಬಲ್ಲಿಯ ಒಂದು ಕಾರು ನಿಲ್ದಾಣದ ಮೊಕದ್ದಮೆ ಈ ವಿಷಯದಲ್ಲಿ ಕಾನೂನು ಓದುವವರಿಗೆಲ್ಲ ಪರಿಚಿತ. ಥಾರ್ನ್‌ಟನ್ ಎಂಬ ಕಹಳೆ ವಾದಕ ಅಲ್ಲಿ ಕಾರು ನಿಲ್ಲಿಸಿ, ಅಪಘಾತವಾಗಿ ಗಾಯಗೊಂಡ. ಯಂತ್ರ ಉಗುಳಿದ ಚೀಟಿಯಲ್ಲಿ ಷರತ್ತುಗಳಿಗೆ ಒಳಪಟ್ಟಿದೆ ಎಂದಿತ್ತು, ಆ ಷರತ್ತುಗಳು ಒಳಗೆ ಕಂಬದ ಮೇಲಿದ್ದವು. ಚೀಟಿ ಹೊರಗೆ ಬರುವ ಹೊತ್ತಿಗೆ ಕರಾರು ಮುಗಿದಿದೆ, ಆಮೇಲೆ ತೋರಿಸಿದ ಷರತ್ತು ಗಿರಾಕಿಯನ್ನು ಕಟ್ಟಿಹಾಕುವುದಿಲ್ಲ ಎಂದು 1970ರಲ್ಲಿ ಲಾರ್ಡ್ ಡೆನಿಂಗ್ ಇದ್ದ ಮೇಲ್ಮನವಿ ನ್ಯಾಯಾಲಯ ಹೇಳಿತು. ನಮ್ಮಲ್ಲಿ ಇದಕ್ಕೂ ಮುಂಚೆ ಮದ್ರಾಸ್ ಹೈಕೋರ್ಟಿನ ಮುಂದೆ ಒಂದು ಸೀರೆಯ ಮೊಕದ್ದಮೆ ಬಂದಿತ್ತು. ಒಗೆಯಲು ಕೊಟ್ಟ ಹೊಸ ಸೀರೆ ಕಳೆದುಹೋಯಿತು, ಲಾಂಡ್ರಿಯವನು ಚೀಟಿಯ ಅಚ್ಚಿನ ಸಾಲು ತೋರಿಸಿ ಬೆಲೆಯ ಒಂದು ಪಾಲಷ್ಟೇ ಕೊಡುತ್ತೇನೆ ಎಂದ. ಅಂಥ ಷರತ್ತನ್ನು ಒಪ್ಪಿದರೆ ತಪ್ಪು ಮಾಡಿದವನಿಗೇ ಲಾಭವಾಗುತ್ತದೆ, ಅದು ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದು ನ್ಯಾಯಾಲಯ ತಳ್ಳಿಹಾಕಿತು. ಅಚ್ಚಾದದ್ದೆಲ್ಲ ಕಾನೂನಲ್ಲ.

ಈಗ ದಂಡ ಎಂಬ ದೊಡ್ಡ ಶಬ್ದಕ್ಕೆ ಬರೋಣ. "ಚೀಟಿ ಕಳೆದರೆ 200 ರೂ. ದಂಡ", "ಸಮಯ ಮೀರಿದರೆ 500 ರೂ. ದಂಡ" ಎಂಬ ಹಲಗೆಗಳನ್ನು ಎಲ್ಲರೂ ನೋಡಿದ್ದೇವೆ. ದಂಡ ಹಾಕುವುದು ಸರ್ಕಾರದ ಕೆಲಸ, ಅದಕ್ಕೆ ಕಾಯ್ದೆಯ ಬೆಂಬಲ ಬೇಕು. ಖಾಸಗಿಯವನು ಕೇಳಬಹುದಾದದ್ದು ಕರಾರು ಮುರಿದದ್ದಕ್ಕೆ ಪರಿಹಾರ ಮಾತ್ರ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಕರಾರಿನಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿರಲಿ, ನ್ಯಾಯಾಲಯ ಕೊಡಿಸುವುದು ಸಮಂಜಸವಾದ ಪರಿಹಾರವನ್ನು, ಬರೆದ ಮೊತ್ತ ಅದರ ಮೇಲ್ಮಿತಿ ಮಾತ್ರ. ನನ್ನ ಚೀಟಿ ಕಳೆದರೆ ಅವನಿಗಾಗುವ ತೊಂದರೆ ಏನು? ಗಾಡಿ ನನ್ನದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಆರ್‌ಸಿ ಪುಸ್ತಕ ತೋರಿಸಿ, ಗುರುತಿನ ಚೀಟಿ ತೋರಿಸಿ, ಒಂದು ಪುಸ್ತಕದಲ್ಲಿ ಸಹಿ ಮಾಡಿ ಹೋಗುತ್ತೇನೆ. ಅದಕ್ಕೆ 200 ರೂಪಾಯಿಯ ನಷ್ಟ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ನಮಗಿದೆ. ಬಂದ ಹೊತ್ತು ಗೊತ್ತಿಲ್ಲವಾದ್ದರಿಂದ ಇಡೀ ದಿನದ ಬಾಡಿಗೆ ಕೊಡಿ ಎಂದರೆ ಅದರಲ್ಲಿ ಒಂದಿಷ್ಟು ತರ್ಕವಿದೆ, ಅಷ್ಟನ್ನು ಒಪ್ಪುತ್ತೇನೆ.

"ರೊಕ್ಕಾ ಕೊಡೋತನಾ ಗಾಡಿ ಬಿಡಂಗಿಲ್ಲ" ಎಂಬ ಮಾತಿಗೂ ಕಾನೂನಿನ ಬೆನ್ನೆಲುಬಿಲ್ಲ. ಮತ್ತೊಬ್ಬರ ವಸ್ತುವನ್ನು ಬಾಕಿಗಾಗಿ ಹಿಡಿದಿಟ್ಟುಕೊಳ್ಳುವ ಹಕ್ಕು ಅದೇ ಕರಾರು ಕಾಯ್ದೆಯ 170ನೇ ಕಲಮಿನಲ್ಲಿದೆ. ಆದರೆ ಅದು ಸಿಗುವುದು ಆ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ಹಾಕಿದವನಿಗೆ: ಗಾಡಿ ರಿಪೇರಿ ಮಾಡಿದ ಮೇಸ್ತ್ರಿಗೆ, ಆಭರಣ ಮಾಡಿದ ಅಕ್ಕಸಾಲಿಗನಿಗೆ. ಸುಮ್ಮನೆ ನಿಲ್ಲಲು ಜಾಗ ಕೊಟ್ಟವನು ಆ ಸಾಲಿನಲ್ಲಿ ಬರುವುದಿಲ್ಲ. ಚಕ್ರಕ್ಕೆ ಬೀಗ ಹಾಕುವುದು, ಸರಪಳಿ ಎಳೆದು ಮನುಷ್ಯನನ್ನು ಹೊರಗೆ ಹೋಗದಂತೆ ತಡೆಯುವುದು ಇನ್ನೂ ಗಂಭೀರ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಂ ಅಕ್ರಮ ತಡೆಗೆ ಒಂದು ತಿಂಗಳವರೆಗಿನ ಸಾದಾ ಸಜೆ ಅಥವಾ 5,000 ರೂಪಾಯಿವರೆಗಿನ ದಂಡ ಹೇಳುತ್ತದೆ. ರಸ್ತೆಯ ಮೇಲೆ ತಪ್ಪು ಜಾಗದಲ್ಲಿ ಬಿಟ್ಟುಹೋದ ಗಾಡಿಯನ್ನು ಎತ್ತಿಸುವ ಅಧಿಕಾರ ಇದೆ ನಿಜ, ಅದು ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನಲ್ಲಿ ಸಮವಸ್ತ್ರ ಧರಿಸಿದ ಪೊಲೀಸ್ ಅಧಿಕಾರಿಗೆ ಕೊಟ್ಟದ್ದು. ಸಂಕೀರ್ಣದ ಕಾವಲುಗಾರನಿಗಲ್ಲ. ಅಂಥ ಸಂದರ್ಭ ಬಂದರೆ ಕೈ ಮಿಲಾಯಿಸಬೇಡಿ, 112ಕ್ಕೆ ಕರೆ ಮಾಡಿ.

ಗೋಡೆಗಳ ಮೇಲೆ ಇನ್ನೊಂದು ಸಾಲು ಎಲ್ಲ ಕಡೆ ಇರುತ್ತದೆ: "ವಾಹನ ಕಳೆದರೆ ಆಡಳಿತ ಜವಾಬ್ದಾರಿಯಲ್ಲ, ಮಾಲೀಕರ ಹೊಣೆ." ಇದರ ಬಗ್ಗೆ ಸುಪ್ರೀಂ ಕೋರ್ಟ್ 2019ರ ನವೆಂಬರ್ 14ರಂದು ಕೊಟ್ಟ ತೀರ್ಪನ್ನು ಪ್ರತಿ ವಾಹನ ಮಾಲೀಕನೂ ತಿಳಿದಿರಬೇಕು. ಬರೆದವರು ನಮ್ಮ ನಾಡಿನವರೇ, ಹಾವೇರಿ ಜಿಲ್ಲೆಯ ಚಿಕ್ಕೇರೂರಿನ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಪೀಠದಲ್ಲಿ ಜೊತೆಗಿದ್ದವರು ನ್ಯಾಯಮೂರ್ತಿ ಅಜಯ್ ರಸ್ತೋಗಿ. ಸಂಗತಿ 1998ರ ಆಗಸ್ಟ್ 1ರ ರಾತ್ರಿಯದು. ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಒಬ್ಬರು ತಮ್ಮ ಮಾರುತಿ ಝೆನ್ ಕಾರನ್ನೂ ಕೀಲಿಯನ್ನೂ ಹೋಟೆಲಿನ ಸಿಬ್ಬಂದಿಯ ಕೈಗೆ ಕೊಟ್ಟು ಒಳಗೆ ಹೋದರು. ನಡುರಾತ್ರಿ ಒಂದರ ಹೊತ್ತಿಗೆ ಹೊರಗೆ ಬಂದರೆ ಕಾರೇ ಇಲ್ಲ, ಬೇರೆ ಯಾರೋ ಓಡಿಸಿಕೊಂಡು ಹೋಗಿದ್ದರು. ವಿಮಾ ಕಂಪನಿ ಮಾಲೀಕರಿಗೆ 2.80 ಲಕ್ಷ ರೂಪಾಯಿ ಕೊಟ್ಟು, ಆಮೇಲೆ ಹೋಟೆಲಿನ ಮೇಲೆ ಗ್ರಾಹಕ ನ್ಯಾಯಾಲಯಕ್ಕೆ ಹೋಯಿತು. ಹೋಟೆಲು ತೋರಿಸಿದ್ದು ಪಾರ್ಕಿಂಗ್ ಚೀಟಿಯ ಅದೇ ಸಾಲನ್ನು, ಮಾಲೀಕರ ಹೊಣೆ ಎಂಬುದನ್ನು.

ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಗಾಡಿಯನ್ನೂ ಕೀಲಿಯನ್ನೂ ವಶಕ್ಕೆ ತೆಗೆದುಕೊಂಡವನು ಅದನ್ನು ತನ್ನ ವಸ್ತುವಿನಂತೆ ಜೋಪಾನ ಮಾಡಬೇಕು, ಅದೇ ಸ್ಥಿತಿಯಲ್ಲಿ ಒಪ್ಪಿಸಬೇಕು. ಒಪ್ಪಿಸಲಾಗದಿದ್ದರೆ ತನ್ನ ನಿರ್ಲಕ್ಷ್ಯದಿಂದ ಹೀಗಾಗಲಿಲ್ಲ ಎಂದು ಸಾಬೀತು ಮಾಡುವ ಹೊರೆ ಅವನ ಮೇಲೆಯೇ. ಆ ಹೊರೆ ಇಳಿಸುವವರೆಗೆ ಚೀಟಿಯ ಸಾಲಿನ ಹಿಂದೆ ಅಡಗುವಂತಿಲ್ಲ. ಆ ಸೇವೆಗೆ ಬೇರೆ ಶುಲ್ಕ ಪಡೆಯಲಿಲ್ಲ ಎಂಬ ನೆಪವೂ ನಡೆಯಲಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಓದುಗರು ಮರೆಯಬಾರದು: ಈ ತೀರ್ಪು ಕೀಲಿ ಕೊಟ್ಟ ಪ್ರಸಂಗದ್ದು. ನೀವೇ ಗಾಡಿ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಂಡಿದ್ದರೆ ವಾದ ಇಷ್ಟು ಸಲೀಸಾಗಿರುವುದಿಲ್ಲ. ಚೀಟಿ ಕೊಟ್ಟಿದ್ದರೇ, ಗೇಟು ಇತ್ತೇ, ಕಾವಲು ಇತ್ತೇ, ಚೀಟಿ ನೋಡದೆ ಗಾಡಿ ಹೊರಗೆ ಬಿಟ್ಟರೇ ಎಂಬ ಪ್ರಶ್ನೆಗಳು ಏಳುತ್ತವೆ. ಅಲ್ಲಿಯೂ ಪಾವತಿಯೇ ಮೊದಲ ಸಾಕ್ಷಿ.

ಇನ್ನು, ಅಂಗಡಿ ಸಂಕೀರ್ಣದವರು ಹಣ ಕೇಳುವುದೇ ತಪ್ಪಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಕೇಳುವುದರಲ್ಲಿ ಹುರುಳಿದೆ. ವಾಣಿಜ್ಯ ಕಟ್ಟಡದ ನಕ್ಷೆಗೆ ಮಂಜೂರಾತಿ ಸಿಗುವುದೇ ಇಷ್ಟು ಗಾಡಿಗಳಿಗೆ ಜಾಗ ಬಿಡುತ್ತೇವೆ ಎಂದು ತೋರಿಸಿದ ಮೇಲೆ. ಬರುವ ಗಿರಾಕಿಗಾಗಿ ಬಿಡಿಸಿದ ಜಾಗವನ್ನು ಆ ಗಿರಾಕಿಗೇ ಬಾಡಿಗೆಗೆ ಕೊಡುವುದು ಎಂಥ ನ್ಯಾಯ? ಗುಜರಾತ್ ಹೈಕೋರ್ಟ್ 2019ರಲ್ಲಿ ಅಹಮದಾಬಾದಿನ ಮಾಲ್‌ಗಳ ಪ್ರಕರಣದಲ್ಲಿ ಇದೇ ನೋಟ ಹಿಡಿದು, ಶುಲ್ಕ ವಸೂಲಿ ಮಾಡುವಂತಿಲ್ಲ ಎಂದಿತು. ತೆಲಂಗಾಣ ಸರ್ಕಾರ 2018ರ ಮಾರ್ಚ್‌ನಲ್ಲಿ ಆದೇಶವನ್ನೇ ಹೊರಡಿಸಿತು: ಮಾಲ್, ಮಲ್ಟಿಪ್ಲೆಕ್ಸ್‌ಗಳಲ್ಲಿ ಮೊದಲ ಅರ್ಧ ಗಂಟೆ ಯಾರಿಗೂ ಹಣವಿಲ್ಲ, ಒಂದು ಗಂಟೆಯವರೆಗೆ ಯಾವುದಾದರೂ ಖರೀದಿಯ ಬಿಲ್ಲು ತೋರಿಸಿದರೆ ಹಣವಿಲ್ಲ, ಅದಕ್ಕೂ ಮೀರಿದರೆ ಬಿಲ್ಲಿನ ಮೊತ್ತ ಪಾರ್ಕಿಂಗ್ ಶುಲ್ಕಕ್ಕಿಂತ ಹೆಚ್ಚಿದ್ದರೆ ಅಥವಾ ಸಿನಿಮಾ ಟಿಕೆಟ್ ಇದ್ದರೆ ಆಗಲೂ ಇಲ್ಲ. ಇಷ್ಟು ಸರಳ, ಇಷ್ಟು ನ್ಯಾಯವಾದ ಏರ್ಪಾಡು ನಾನು ಇನ್ನೊಂದು ಕಂಡಿಲ್ಲ.

ಆದರೆ ಎಲ್ಲ ನ್ಯಾಯಾಲಯಗಳೂ ಒಂದೇ ಮಾತು ಹೇಳಿಲ್ಲ. ನಮ್ಮ ಕಾಸರಗೋಡಿನವರು ಅನುಸರಿಸಬೇಕಾದ ಕೇರಳ ಹೈಕೋರ್ಟ್, ಕೊಚ್ಚಿಯ ಲುಲು ಮಾಲ್ ಪ್ರಕರಣದಲ್ಲಿ 2022ರಲ್ಲಿ ಮೇಲ್ನೋಟಕ್ಕೆ ವಸೂಲಿ ಸರಿಯಲ್ಲ ಎಂದಿದ್ದರೂ, ಕೊನೆಗೆ ಸ್ಥಳೀಯ ಸಂಸ್ಥೆಯ ಪರವಾನಗಿ ಇದ್ದರೆ ಕಟ್ಟಡದ ಒಡೆಯ ಶುಲ್ಕ ಪಡೆಯಬಹುದು ಎಂಬ ನಿಲುವಿಗೆ ಬಂತು. ಹೀಗಾಗಿ ಬೆಳಗಾವಿಯಲ್ಲಿ ನಿಂತು "ನೀವು ಹತ್ತು ಪೈಸೆಯನ್ನೂ ಕೇಳುವಂತಿಲ್ಲ" ಎಂದು ಅಬ್ಬರಿಸುವುದು ಜಾಣತನವಲ್ಲ. "ಪರವಾನಗಿ ತೋರಿಸಿ, ದರಪಟ್ಟಿ ತೋರಿಸಿ, ಪಾವತಿ ಕೊಡಿ" ಎನ್ನುವುದು ಗಟ್ಟಿಯಾದ ನೆಲೆ. ಕೇಳುವ ಧ್ವನಿಯೂ ಮುಖ್ಯ. ಬಾಗಿಲಲ್ಲಿ ನಿಂತ ಹುಡುಗ ದಿನಗೂಲಿಯವನು, ಸಂಜೆಗೆ ಇಷ್ಟು ಎಣಿಸಿ ಕೊಡಬೇಕು ಎಂಬ ಒತ್ತಡದಲ್ಲಿ ಇರುವವನು. ಅವನ ಕೊರಳಪಟ್ಟಿ ಹಿಡಿಯುವುದು ಅನ್ಯಾಯ. ತಕರಾರು ಇರುವುದು ಗುತ್ತಿಗೆದಾರನೊಂದಿಗೆ, ಕಟ್ಟಡದ ಒಡೆಯನೊಂದಿಗೆ.

ಇಂಗ್ಲೆಂಡಿಗೆ ಕೆಲಸಕ್ಕೆ ಹೋದ ಮಕ್ಕಳಿರುವ ಮನೆಗಳು ಈಗ ನಮ್ಮ ಗಲ್ಲಿಗಳಲ್ಲೂ ಇವೆ. ಅವರ ಅನುಭವ ಬೇರೆಯೇ. ಅಲ್ಲಿ ಹುಡುಗ ನಿಂತು ಹಣ ಕೇಳುವುದಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ವಾರದ ನಂತರ ಮನೆಗೆ ಕಾಗದ ಬರುತ್ತದೆ. ನಗರ ಸಂಸ್ಥೆ ಹಾಕುವ ದಂಡದ ನೋಟಿಸೂ ಖಾಸಗಿ ಕಂಪನಿಯ ಬಿಲ್ಲೂ ಒಂದೇ ಬಗೆಯ ಮೂರು ಅಕ್ಷರಗಳ ಹೆಸರಿನಲ್ಲಿ ಬರುವುದರಿಂದ ಜನ ಹೆದರಿ ಕಟ್ಟುತ್ತಾರೆ. 2012ರ ಅಕ್ಟೋಬರ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿ ನೆಲದ ಮೇಲೆ ಚಕ್ರಕ್ಕೆ ಬೀಗ ಹಾಕುವುದನ್ನು ನಿಷೇಧಿಸಿದ್ದಾರೆ. ಆದರೆ ಚೆಮ್ಸ್‌ಫರ್ಡ್ ಎಂಬ ಊರಿನಲ್ಲಿ ಎರಡು ಗಂಟೆಯ ಉಚಿತ ಅವಧಿಯನ್ನು 56 ನಿಮಿಷ ಮೀರಿದ್ದಕ್ಕೆ 85 ಪೌಂಡ್ ಕೇಳಿದ ಕಂಪನಿಯ ಪರವಾಗಿಯೇ ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪು ಕೊಟ್ಟಿತು. ಹಲಗೆಗಳು ದೊಡ್ಡದಾಗಿ, ಸ್ಪಷ್ಟವಾಗಿ ಇದ್ದವು ಎಂಬುದು ಆ ತೀರ್ಪಿನಲ್ಲಿ ತೂಕ ಪಡೆದ ಸಂಗತಿಗಳಲ್ಲಿ ಒಂದು. ಅಂಥ ಕಾಗದ ಬಂದರೆ ಕಸದ ಬುಟ್ಟಿಗೆ ಎಸೆಯಬೇಡಿ ಎಂದು ಮಕ್ಕಳಿಗೆ ಹೇಳಿ. ಅವಧಿಯೊಳಗೆ ಮೇಲ್ಮನವಿ ಸಲ್ಲಿಸಬೇಕು.

ತಿರುಗಿ ನಮ್ಮೂರಿಗೆ. ಹೆಚ್ಚು ಹಣ ಕಿತ್ತುಕೊಂಡವರ ಮೇಲೆ ಎಲ್ಲಿ ಹೋಗಬೇಕು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಹಣ ಕೊಟ್ಟು ಸೇವೆ ಪಡೆದವನು ಗ್ರಾಹಕ, ಅದು ಹತ್ತೇ ರೂಪಾಯಿ ಆಗಿರಲಿ. ಕೊಟ್ಟ ಸೇವೆಗೆ ಬಿಲ್ಲು ಅಥವಾ ರಸೀದಿ ಕೊಡದಿರುವುದನ್ನೇ ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಹೆಸರಿಸಿದೆ. ರಸೀದಿಯಲ್ಲಿ ಕೊಟ್ಟವರ ಹೆಸರು, ವಿಳಾಸ, ಕ್ರಮಸಂಖ್ಯೆ, ದಿನಾಂಕ ಇರಬೇಕು ಎಂದು 2020ರ ನಿಯಮಗಳು ಹೇಳುತ್ತವೆ. ಪ್ಲಾಸ್ಟಿಕ್ ಬಿಲ್ಲೆ ರಸೀದಿಯಲ್ಲ. ಜಿಎಸ್‌ಟಿ ಸೇರಿಸಿ ಹಣ ಪಡೆದರಂತೂ ಜಿಎಸ್‌ಟಿ ಸಂಖ್ಯೆ ಕಾಣಲೇಬೇಕು. ನೋಂದಾಯಿತ ವ್ಯಾಪಾರಿ 200 ರೂಪಾಯಿಗಿಂತ ಕಡಿಮೆ ವ್ಯವಹಾರಕ್ಕೆ ತಾನಾಗಿ ಬಿಲ್ಲು ಕೊಡದಿರಬಹುದು, ಗಿರಾಕಿ ಕೇಳಿದರೆ ಮಾತ್ರ ಕೊಡಲೇಬೇಕು. ಕೇಳುವುದರಲ್ಲಿ ಎಷ್ಟು ಬಲವಿದೆ ನೋಡಿ.

ಚೀಟಿ ಕೊಡುವುದಿಲ್ಲ ಎಂದರೆ ಚಿಲ್ಲರೆ ಕೊಡಬೇಡಿ, ಯುಪಿಐ ಮೂಲಕ ಕೊಡಿ. ಯಾರ ಖಾತೆಗೆ, ಎಷ್ಟು ಗಂಟೆಗೆ, ಎಷ್ಟು ಹಣ ಹೋಯಿತು ಎಂಬುದು ನಿಮ್ಮ ಫೋನಿನಲ್ಲೇ ಉಳಿಯುತ್ತದೆ. ನಾನು ಆ ದಿನ ಇಷ್ಟು ಮಾಡಿದ್ದರೆ ಸಾಕಿತ್ತು. ದರದ ಹಲಗೆಯ ಫೋಟೊ ಒಂದು, ಗಾಡಿ ನಿಂತ ಜಾಗದ್ದೊಂದು. ಆಮೇಲೆ ಗುತ್ತಿಗೆದಾರನಿಗೂ ಜಾಗದ ಒಡೆಯನಿಗೂ ಒಂದು ಪುಟದ ಪತ್ರ: ಯಾವ ದಿನ, ಎಷ್ಟು ಹೊತ್ತು, ಹಲಗೆಯ ದರ ಎಷ್ಟು, ಪಡೆದದ್ದು ಎಷ್ಟು, 15 ದಿನದೊಳಗೆ ಮರಳಿಸಿ. ಪತ್ರ ತಲುಪಿದ ದಾಖಲೆ ಬೇಕು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿರುವುದರಿಂದ ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ. ಬಹಳ ತಕರಾರುಗಳು ಈ ಹಂತದಲ್ಲೇ ಮುಗಿಯುತ್ತವೆ, ಏಕೆಂದರೆ ಹತ್ತು ರೂಪಾಯಿಗಾಗಿ ಪತ್ರ ಬರೆಯುವ ಗಿರಾಕಿ ಸಿಗುವುದಿಲ್ಲ ಎಂಬ ಧೈರ್ಯದ ಮೇಲೆಯೇ ಆ ವಸೂಲಿ ನಿಂತಿದೆ.

ಅಲ್ಲಿಗೂ ಬಗ್ಗದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ದೂರು ಕೊಡಬೇಕು. ಹೊಸ ಕಾಯ್ದೆಯ ದೊಡ್ಡ ಅನುಕೂಲವೆಂದರೆ ದೂರುದಾರ ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಖಾನಾಪುರದ ಒಂದು ಕುಟುಂಬ ಜಾಂಬೋಟಿ, ಚೋರ್ಲಾ ಘಟ್ಟ ಇಳಿದು ಗೋವೆಗೆ ಹೋಗಿ ಅಲ್ಲಿ ಪಾರ್ಕಿಂಗ್‌ನವರ ಕೈಯಲ್ಲಿ ಸುಲಿಗೆಗೆ ಒಳಗಾದರೆ, ಮೊಕದ್ದಮೆಗಾಗಿ ಮತ್ತೆ ಪಣಜಿಗೆ ಅಲೆಯಬೇಕಿಲ್ಲ, ಬೆಳಗಾವಿಗೆ ಬಂದರಾಯಿತು. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೂ ಸಲ್ಲಿಸಬಹುದು. ದೂರಿನ ಒಕ್ಕಣೆಯಲ್ಲಿ ಒಂದು ಸೂಕ್ಷ್ಮವಿದೆ. "ಈ ಕರಾರೇ ಅನ್ಯಾಯದ್ದು" ಎಂದು ಬರೆದರೆ ಅದನ್ನು ವಿಚಾರಿಸುವ ಅಧಿಕಾರ ರಾಜ್ಯ ಆಯೋಗಕ್ಕೆ ಮತ್ತು ರಾಷ್ಟ್ರೀಯ ಆಯೋಗಕ್ಕೆ ಮಾತ್ರ. ಜಿಲ್ಲಾ ಆಯೋಗಕ್ಕೆ ಹೋಗುವಾಗ "ಅನುಚಿತ ವ್ಯಾಪಾರ ಪದ್ಧತಿ", "ಸೇವಾ ನ್ಯೂನತೆ" ಎಂದೇ ಬರೆಯಿರಿ. ಇಷ್ಟು ಚಿಕ್ಕ ಶಬ್ದದ ತಪ್ಪಿಗೆ ದೂರು ತಿರುಗಿ ಬರಬಾರದು.

ಇಷ್ಟು ಸಣ್ಣ ಹಣಕ್ಕೆ ಯಾರು ಹೋಗುತ್ತಾರೆ ಎನ್ನುವವರಿಗೆ ಎರಡು ಸಂಗತಿ ಹೇಳುತ್ತೇನೆ. ಬೆಂಗಳೂರಿನ ನಾಗಸಂದ್ರದ ಐಕಿಯಾ ಮಳಿಗೆಯಲ್ಲಿ 2022ರ ಅಕ್ಟೋಬರ್‌ನಲ್ಲಿ ಒಬ್ಬ ಗ್ರಾಹಕಿ ಸಾಮಾನು ಕೊಂಡಾಗ, ಕಂಪನಿಯ ಹೆಸರು ಅಚ್ಚಾದ ಕೈಚೀಲಕ್ಕೆ 20 ರೂಪಾಯಿ ಹಾಕಿದರು. ಆಕೆ ಆಯೋಗಕ್ಕೆ ಹೋದರು. ಮರುವರ್ಷ ಆಯೋಗ ಆ 20 ರೂಪಾಯಿ, 1,000 ರೂಪಾಯಿ ಪರಿಹಾರ, 2,000 ರೂಪಾಯಿ ಖರ್ಚು ಕೊಡಿಸಿತು. ಉತ್ತರ ಪ್ರದೇಶದ ಮಥುರಾದ ವಕೀಲ ತುಂಗನಾಥ ಚತುರ್ವೇದಿ 1999ರ ಡಿಸೆಂಬರ್‌ನಲ್ಲಿ ಮೊರಾದಾಬಾದಿಗೆ ಎರಡು ರೈಲು ಟಿಕೆಟ್ ಕೊಂಡರು. ತಲಾ 35ರಂತೆ 70 ಆಗಬೇಕಿತ್ತು, ಪಡೆದದ್ದು 90. ಹೆಚ್ಚಿನ ಆ 20 ರೂಪಾಯಿಗಾಗಿ ನೂರಕ್ಕೂ ಹೆಚ್ಚು ವಿಚಾರಣೆಗಳಿಗೆ ಓಡಾಡಿದರು. 2022ರ ಆಗಸ್ಟ್‌ನಲ್ಲಿ ರೈಲ್ವೆ ಆ ಹಣವನ್ನು ಶೇಕಡಾ 12ರ ಬಡ್ಡಿಯೊಂದಿಗೆ, ಜೊತೆಗೆ 15,000 ರೂಪಾಯಿ ಸೇರಿಸಿ ಕೊಡಬೇಕೆಂದು ಆದೇಶವಾಯಿತು. 22 ವರ್ಷ ಒಬ್ಬ ಮನುಷ್ಯನನ್ನು ಅಲೆದಾಡಿಸಿದ್ದು ನಮ್ಮ ವ್ಯವಸ್ಥೆಗೆ ನಾಚಿಕೆಯ ಮಾತು. ಹಾಗಿದ್ದೂ ಅವರು ಗೆದ್ದದ್ದು ಹೇಗೆ? ಟಿಕೆಟ್ಟಿನ ಕಾಗದ ಅವರ ಕೈಯಲ್ಲಿತ್ತು.

ಒಬ್ಬೊಬ್ಬರು ಹೀಗೆ ಹೋರಾಡುವುದಕ್ಕಿಂತ ಹಗುರವಾದ ದಾರಿ ಒಂದಿದೆ, ಅದು 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಶಬ್ದದೊಳಗೆ ಇರಬೇಕು. ಪಾಲಿಕೆಗೆ ಕೇಳಿ: ಬೆಳಗಾವಿಯಲ್ಲಿ ಯಾವ ಯಾವ ಜಾಗಗಳಲ್ಲಿ ಪಾರ್ಕಿಂಗ್ ವಸೂಲಿಗೆ ಗುತ್ತಿಗೆ ಕೊಟ್ಟಿದ್ದೀರಿ, ದರ ಏನು, ಅವಧಿ ಯಾವಾಗ ಮುಗಿಯುತ್ತದೆ. ಇನ್ನೊಂದು ಅರ್ಜಿಯಲ್ಲಿ, ಇಂಥ ಕಟ್ಟಡದ ಮಂಜೂರಾದ ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ ಜಾಗ ಎಷ್ಟು ಎಂದು ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ನೆಲಮಾಳಿಗೆಯ ಪಾರ್ಕಿಂಗ್ ಜಾಗ ಗೋದಾಮು ಆಗಿದ್ದರೆ, ಅಂಗಡಿ ಆಗಿದ್ದರೆ ಅದು ಆ ಉತ್ತರದಲ್ಲೇ ಹೊರಗೆ ಬೀಳುತ್ತದೆ. ಉಳಿದ ತುಂಡು ಜಾಗಕ್ಕೆ ಗಿರಾಕಿಯಿಂದ ಹಣ ಪಡೆಯುವವರ ಮುಂದೆ ಆ ಕಾಗದ ಇಟ್ಟು ಮಾತಾಡಬಹುದು.

ಮಹಾನಗರ ಪಾಲಿಕೆಗೆ ನನ್ನ ವಿನಂತಿ ಇಷ್ಟು. 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿ ಎಂದು ಆಯ್ಕೆಯಾದ ಊರು ನಮ್ಮದು. ಹಣ ಪಡೆಯುವ ಪ್ರತಿ ಜಾಗದಲ್ಲೂ ದರ, ಗುತ್ತಿಗೆದಾರನ ಹೆಸರು, ಗುತ್ತಿಗೆ ಮುಗಿಯುವ ದಿನ, ದೂರಿನ ದೂರವಾಣಿ ಸಂಖ್ಯೆಗಳನ್ನು ಸಂತೆಗೆ ಬಂದ ಹಳ್ಳಿಯವರಿಗೂ ಓದಲು ಬರುವಂತೆ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿ. ಆಸ್ಪತ್ರೆಗೆ ರೋಗಿಯನ್ನು ಕರೆತಂದವರಿಗೆ, ಅಂಗಡಿಯಲ್ಲಿ ಸಾಮಾನು ಕೊಂಡವರಿಗೆ ತೆಲಂಗಾಣದ ಹಾಗೆ ಮೊದಲ ಅರ್ಧ ಗಂಟೆಯಾದರೂ ಉಚಿತ ಮಾಡುವ ಠರಾವು ತನ್ನಿ. ಓದುಗರಲ್ಲಿಯೂ ಒಂದು ಮಾತು: ನಾಳೆ ಗಾಡಿ ತೆಗೆಯುವಾಗ, ಹಿಂದೆ ಎಷ್ಟು ಹಾರ್ನ್ ಆದರೂ, ಸಮಾಧಾನದಿಂದ "ಪಾವತಿ ಕೊಡ್ರಿ" ಎಂದು ಕೇಳಿ, ಕೊಟ್ಟದ್ದನ್ನು ಎರಡು ವರ್ಷ ಜೋಪಾನ ಮಾಡಿ ಇಟ್ಟುಕೊಳ್ಳಿ.